ಕುಡುಗೋಲು ಬೇರೆ, ಕಠಾರಿ ಬೇರೆ

ಖಂಡೇಪೂಜೆಯ ದಿನ ನಮ್ಮ ಪಡಸಾಲೆಯ ಕಂಬಳಿ ಮೇಲೆ ಕುಡುಗೋಲು, ಕೊಡ್ಲಿ, ಈಳಿಗೆ ಸಾಲಾಗಿ ಕೂಡುತ್ತವೆ. ಹಿರಿಯರ ಕಾಲದ ಕಠಾರಿ ಇದ್ದ ಮನೆಯಲ್ಲಿ ಅದೂ ಪಕ್ಕದಲ್ಲೇ. ಎಲ್ಲಕ್ಕೂ ಒಂದೇ ಕಾಯಿ, ಹೆಸರೂ ಒಂದೇ, ‘ಆಯುಧ’. ಈ ಹೆಸರಿನಿಂದಲೇ ತೊಡಕು.

ದೇವದುರ್ಗ ಕಡೆಯಿಂದ ಗುಳೆ ಹೋದ ನಮ್ಮವನೊಬ್ಬನನ್ನು ದೂರದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ದಿನ ಕೂಡಿಸಿದ್ದರು. ಗಂಟಿನಲ್ಲಿ ಕುಡುಗೋಲು ಇತ್ತು, ಅಷ್ಟೇ ತಪ್ಪು. ಸಂಘದ ಗೋದಾಮಿನ ಮುಂದೆ ಆತ ಇದನ್ನು ಹೇಳಿದ ಮೇಲೆಯೇ ಈ ಲೇಖನ ಬರೆಯಬೇಕೆನಿಸಿತು.

ಗುರುತು ಹಿಡಿಯೋದು ಕಷ್ಟ ಏನಲ್ಲ. ಮಾನ್ವಿ ಕಡೆ ನೆಲ್ಲು ಕೊಯ್ಯುವ ಕುಡುಗೋಲು ನೋಡ್ರಿ. ಹರಿತ ಒಳಅಂಚಿಗೆ ಮಾತ್ರ, ಬೆನ್ನು ಮೊಂಡು. ಹಿಡಿ ತುಂಬ ಪೈರನ್ನು ತನ್ನತ್ತ ಎಳೆದು ಕೊಯ್ಯಬೇಕಲ್ಲ! ಚಪ್ಪಲಿ ಹೊಲಿಯುವವರ ರಂಪಿಗೆಗೆ ಬಾಯಿ ಅಗಲ, ಚೂಪು ಮೊನೆ ಇಲ್ಲ. ಈಳಿಗೆಗಂತೂ ಕೈಹಿಡಿಯೇ ಇಲ್ಲ. ಮಣೆಯನ್ನು ಕಾಲಲ್ಲಿ ಒತ್ತಿ ಕೂತು, ಬದನೆಕಾಯಿಯನ್ನೇ ಅಲಗಿನ ಕಡೆ ಒಯ್ಯಬೇಕು. ಅದನ್ನು ಹಿಡಕೊಂಡು ಯಾರ ಮೇಲೆ ಹೋಗ್ತೀರಿ?

ಕಠಾರಿಯ ಲಕ್ಷಣವೇ ಬೇರೆ. ಎರಡೂ ಅಂಚು ಹರಿತ, ಮೊನೆ ಚೂಪು. ಎರಡು ಪಟ್ಟಿಗಳ ನಡುವಿನ ಅಡ್ಡಕಂಬಿಯೇ ಹಿಡಿ. ಮುಷ್ಟಿ ಬಿಗಿದರೆ ಅಲಗು ನೇರ ಮುಂದಕ್ಕೆ ನಿಲ್ಲುತ್ತದೆ. ಅದು ಕೊಯ್ಯಲಿಕ್ಕಲ್ಲ, ತಿವಿಯಲಿಕ್ಕೆ. ನಿಜಾಮರ ಕಾಲದ ಅರಬ್ ಸಿಪಾಯಿಗಳು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಜಂಬಿಯಾ ಬಾಗಿದ್ದರೂ ಅದಕ್ಕೆ ಎರಡು ಕಡೆ ಹರಿತ. ಬಾಗಿದ್ದೆಲ್ಲ ಕುಡುಗೋಲಲ್ಲ.

‘ಕುಡುಗೋಲಿಂದಲೂ ಹೊಡೆದಾಡಬಹುದಲ್ಲ?’ ಎನ್ನುವವರಿದ್ದಾರೆ. ಖರೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ಕೈಲಿದ್ದ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಸೈನಿಕರು ಪಿಕಾಸಿ, ಹಾರೆಗಳಿಂದ ಗೋಡೆ ಕೆಡವಿದರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಹಾಗಂತ ಹಾರೆಯನ್ನು ಯಾರಾದರೂ ಶಸ್ತ್ರ ಅಂತಾರೇನು? ಒಂದು ದಿನ ಯಾವುದಕ್ಕೆ ಬಳಸಿದರು ಎಂಬುದಕ್ಕಿಂತ ಕಂಬಾರ ಅದನ್ನು ಯಾವುದಕ್ಕೆಂದು ಬಡಿದ ಎಂಬುದನ್ನು ನೋಡಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಮಾತೂ ಇದೇ. ಮನೆಗೆಲಸ ಅಥವಾ ಒಕ್ಕಲುತನಕ್ಕಾಗಿ ಮಾತ್ರ ರೂಪಿಸಿದ ವಸ್ತು ಅದರ ಪ್ರಕಾರ ಶಸ್ತ್ರವಲ್ಲ. ನಿಯಮಗಳು 9 ಅಂಗುಲಕ್ಕಿಂತ ಉದ್ದ ಇಲ್ಲವೆ 2 ಅಂಗುಲಕ್ಕಿಂತ ಅಗಲದ ಅಲಗನ್ನು ಶಸ್ತ್ರಗಳ ಪಟ್ಟಿಗೆ ಸೇರಿಸುವಾಗಲೂ ಮನೆ, ಹೊಲ, ಕಾರ್ಖಾನೆಯ ಕೆಲಸದವನ್ನು ಬಿಟ್ಟಿವೆ. ಆದರೆ ಅದೇ ಕುಡುಗೋಲು ಜಗಳದಲ್ಲಿ ಎತ್ತಿದರೆ ಈ ವಿನಾಯಿತಿ ಕಾಯುವುದಿಲ್ಲ, ಅದು ಬೇರೆ ಅಪರಾಧ.

ನಮ್ಮವನಿಗೆ ಕಾಯ್ದೆ ಗೊತ್ತಿರಲಿಲ್ಲ. ‘ಸಾಹೇಬ್ರ, ಮೊಂಡ ಬೆನ್ನು ಮುಟ್ಟಿ ನೋಡ್ರಿ’ ಎಂದನಂತೆ. ಮುಟ್ಟಿ ನೋಡಿಯೇ ಬಿಟ್ಟರಂತೆ.