ಫ್ರಾಂಕೆನ್‌ಸ್ಟೈನ್ ಚಲನಚಿತ್ರದ ಕತ್ತರಿಸಲ್ಪಟ್ಟ ಮತ್ತು ಕಳೆದುಹೋದ ದೃಶ್ಯಗಳು

ಫ್ರಾಂಕೆನ್‌ಸ್ಟೈನ್ 1931ರ ನವೆಂಬರ್ ತಿಂಗಳಲ್ಲಿ ಬಿಡುಗಡೆಯಾದ ಅಮೆರಿಕದ ಭಯಾನಕ ಚಲನಚಿತ್ರ. ಮೇರಿ ಶೆಲ್ಲಿಯ 1818ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಯೂನಿವರ್ಸಲ್ ಸಂಸ್ಥೆ ನಿರ್ಮಿಸಿತು. ಜೇಮ್ಸ್ ವೇಲ್ ನಿರ್ದೇಶಿಸಿದರು. ಫ್ರಾಂಕೆನ್‌ಸ್ಟೈನ್ ಎಂಬುದು ವಿಜ್ಞಾನಿಯ ಹೆಸರು. ಅವನು ಶವಗಳ ಭಾಗಗಳಿಂದ ಸೃಷ್ಟಿಸಿದ ಜೀವಿಗೆ ಹೆಸರಿಲ್ಲ. ವಿಜ್ಞಾನಿಯಾಗಿ ಕಾಲಿನ್ ಕ್ಲೈವ್, ಜೀವಿಯಾಗಿ ಬೋರಿಸ್ ಕಾರ್ಲಾಫ್ ನಟಿಸಿದರು. ಈ ಚಿತ್ರದ ಕೆಲವು ಭಾಗಗಳನ್ನು ನಂತರದ ವರ್ಷಗಳಲ್ಲಿ ಕತ್ತರಿಸಲಾಯಿತು. ಸುಮಾರು ಅರ್ಧ ಶತಮಾನದವರೆಗೆ ಪ್ರೇಕ್ಷಕರು ಸಾಮಾನ್ಯವಾಗಿ ನೋಡಿದ್ದು ಈ ಅಪೂರ್ಣ ಪ್ರತಿಯನ್ನೇ.

ಪರೀಕ್ಷಾ ಚಿತ್ರೀಕರಣ

ವೇಲ್ ಅವರಿಗಿಂತ ಮೊದಲು ಈ ಯೋಜನೆ ರಾಬರ್ಟ್ ಫ್ಲೋರೆ ಅವರ ಕೈಯಲ್ಲಿತ್ತು. ಡ್ರಾಕುಲಾ ಪಾತ್ರದಿಂದ ಪ್ರಸಿದ್ಧರಾಗಿದ್ದ ಬೆಲಾ ಲುಗೋಸಿ ಅವರನ್ನು ಜೀವಿಯ ಪಾತ್ರದಲ್ಲಿಟ್ಟು ಫ್ಲೋರೆ 1931ರಲ್ಲಿ ಪರೀಕ್ಷಾ ರೀಲುಗಳನ್ನು ಚಿತ್ರೀಕರಿಸಿದರು. ಮುಂದೆ ನಿರ್ದೇಶಕರೂ ನಟರೂ ಬದಲಾದರು. ಆ ರೀಲುಗಳು ಇಂದಿಗೂ ದೊರೆತಿಲ್ಲ.

ಅಂತ್ಯದ ಬದಲಾವಣೆ

ಮೊದಲು ಯೋಜಿಸಿದ್ದ ಅಂತ್ಯದಲ್ಲಿ ವಿಜ್ಞಾನಿ ಹೆನ್ರಿ ಫ್ರಾಂಕೆನ್‌ಸ್ಟೈನ್ ಸಾಯಬೇಕಿತ್ತು. ಬಿಡುಗಡೆಗೆ ಮುನ್ನ ಸಂಸ್ಥೆಯು ಇದನ್ನು ಬದಲಿಸಿ, ಅವನು ಬದುಕುಳಿದು ಚೇತರಿಸಿಕೊಳ್ಳುವ ಸುಖಾಂತ್ಯವನ್ನು ಸೇರಿಸಿತು. ಕೊನೆಯ ದೃಶ್ಯದಲ್ಲಿ ಹಾಸಿಗೆಯಲ್ಲಿರುವ ಹೆನ್ರಿ ದೂರದಿಂದ ಮಾತ್ರ ಕಾಣುತ್ತಾನೆ.

ಸೆನ್ಸಾರ್ ಕತ್ತರಿ

ಆಗ ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರತ್ಯೇಕ ಸೆನ್ಸಾರ್ ಮಂಡಳಿಗಳಿದ್ದವು. ಹೀಗಾಗಿ ಒಂದೇ ಚಿತ್ರವು ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ರೂಪದಲ್ಲಿ ಪ್ರದರ್ಶನಗೊಳ್ಳುತ್ತಿತ್ತು. ಚಲನಚಿತ್ರೋದ್ಯಮದ ನಿರ್ಮಾಣ ಸಂಹಿತೆಯನ್ನು 1934ರಿಂದ ಕಟ್ಟುನಿಟ್ಟಾಗಿ ಜಾರಿಗೊಳಿಸಲಾಯಿತು. 1938ರಲ್ಲಿ ಈ ಚಿತ್ರವು ಡ್ರಾಕುಲಾ ಜೊತೆಗೆ ಮರುಪ್ರದರ್ಶನ ಕಂಡು ಭಾರಿ ಯಶಸ್ಸು ಗಳಿಸಿತು. ಮರುಬಿಡುಗಡೆಗಾಗಿ ಕತ್ತರಿಗೊಳಗಾದ ಮುಖ್ಯ ಭಾಗಗಳು ಇವು:

* ತನ್ನ ಸೃಷ್ಟಿಗೆ ಜೀವ ಬಂದಾಗ ಹೆನ್ರಿ ತನ್ನನ್ನು ದೇವರಿಗೆ ಹೋಲಿಸಿಕೊಳ್ಳುವ ಮಾತು. ಇದನ್ನು ಗುಡುಗಿನ ಸದ್ದಿನಿಂದ ಮುಚ್ಚಲಾಯಿತು.
* ಸಹಾಯಕ ಫ್ರಿಟ್ಜ್ ಪಂಜು ಹಿಡಿದು ಜೀವಿಯನ್ನು ಹಿಂಸಿಸುವ ದೃಶ್ಯದ ಭಾಗಗಳು.
* ಜೀವಿಗೆ ಚುಚ್ಚುಮದ್ದು ಕೊಡುವುದನ್ನು ಹತ್ತಿರದಿಂದ ತೋರಿಸುವ ಚಿತ್ರಿಕೆ.
* ಮರಿಯಾ ಎಂಬ ಬಾಲಕಿ ನೀರಿನಲ್ಲಿ ಮುಳುಗುವ ದೃಶ್ಯ.

ಸರೋವರದ ದೃಶ್ಯ

ಇವುಗಳಲ್ಲಿ ಹೆಚ್ಚು ಚರ್ಚೆಗೊಳಗಾದುದು ಕೊನೆಯದು. ಮರಿಯಾ ಪಾತ್ರವನ್ನು ಮರಿಲಿನ್ ಹ್ಯಾರಿಸ್ ನಿರ್ವಹಿಸಿದ್ದರು. ಸರೋವರದ ದಡದಲ್ಲಿರುವ ಈ ಬಾಲಕಿ ಜೀವಿಯನ್ನು ಕಂಡು ಹೆದರುವುದಿಲ್ಲ. ಆಟಕ್ಕೆ ಕರೆದು ಕೈಗೆ ಹೂಗಳನ್ನು ಕೊಡುತ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆಸೆದು ಅವು ದೋಣಿಗಳಂತೆ ತೇಲುವುದನ್ನು ನೋಡುತ್ತಾರೆ. ಹೂಗಳು ಮುಗಿದಾಗ, ಬಾಲಕಿಯೂ ಹಾಗೆಯೇ ತೇಲುವಳೆಂದು ಭಾವಿಸಿದ ಜೀವಿ ಅವಳನ್ನು ಎತ್ತಿ ನೀರಿಗೆ ಎಸೆಯುತ್ತದೆ. ಅವಳು ಮುಳುಗಿದೊಡನೆ ಕಂಗಾಲಾಗಿ, ತಡವರಿಸುತ್ತ ಅಲ್ಲಿಂದ ಓಡುತ್ತದೆ.

ಕತ್ತರಿಸಿದ ಪ್ರತಿಯಲ್ಲಿ ಜೀವಿ ಬಾಲಕಿಯತ್ತ ಕೈಚಾಚುವಲ್ಲಿಗೆ ದೃಶ್ಯ ನಿಲ್ಲುತ್ತದೆ. ಮುಂದೆ ಅವಳ ತಂದೆ ಮಗಳ ಶವವನ್ನು ಹೊತ್ತು ಊರೊಳಗೆ ನಡೆದುಬರುತ್ತಾನೆ. ನಡುವೆ ಏನಾಯಿತೆಂಬುದನ್ನು ಪ್ರೇಕ್ಷಕರೇ ಊಹಿಸಿಕೊಳ್ಳಬೇಕಾಯಿತು. ಆ ಊಹೆ ಚಿತ್ರೀಕರಿಸಿದ್ದಕ್ಕಿಂತ ಘೋರವಾಗುವ ಅವಕಾಶವಿತ್ತು. ಕ್ರೌರ್ಯವನ್ನು ಮರೆಮಾಡಲು ಹಾಕಿದ ಕತ್ತರಿಯು, ತಿಳಿವಳಿಕೆಯಿಲ್ಲದೆ ನಡೆದ ಅನಾಹುತವನ್ನು ಉದ್ದೇಶಪೂರ್ವಕ ಹತ್ಯೆಯಂತೆ ತೋರಿಸಿತು. ಜೀವಿಯ ಮುಗ್ಧತೆಗೂ ಪಶ್ಚಾತ್ತಾಪಕ್ಕೂ ಇದ್ದ ಸಾಕ್ಷ್ಯ ಕತ್ತರಿಸಿದ ತುಣುಕಿನೊಡನೆಯೇ ಹೋಯಿತು. 1957ರಿಂದ ಅಮೆರಿಕದ ದೂರದರ್ಶನದಲ್ಲಿ ಚಿತ್ರ ಪ್ರಸಾರವಾದಾಗಲೂ ಹೊಸ ಪೀಳಿಗೆ ನೋಡಿದ್ದು ಈ ರೂಪವನ್ನೇ.

ಮರುಸ್ಥಾಪನೆ

1980ರ ದಶಕದಲ್ಲಿ ಸರೋವರದ ದೃಶ್ಯದ ಕಾಣೆಯಾಗಿದ್ದ ಭಾಗವು ಬ್ರಿಟನ್ನಿನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ದೊರೆಯಿತು. ಅದನ್ನೂ ಉಳಿದ ತುಣುಕುಗಳನ್ನೂ ಸೇರಿಸಿದ ಪ್ರತಿಯು ಆ ದಶಕದ ಮಧ್ಯಭಾಗದಲ್ಲಿ ಗೃಹವೀಕ್ಷಣೆಗಾಗಿ ಹೊರಬಂದಿತು. ಹೆನ್ರಿಯ ಮಾತು ಸ್ಪಷ್ಟವಾಗಿ ಕೇಳುವಂತಾದದ್ದು ನಂತರದ ಆವೃತ್ತಿಗಳಲ್ಲಿ. 1991ರಲ್ಲಿ ಚಿತ್ರವನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಲಾಯಿತು. ಇಂದು ದೊರೆಯುವ ಪ್ರತಿಯ ಅವಧಿ ಸುಮಾರು 71 ನಿಮಿಷ.

ಉತ್ತರಭಾಗದಲ್ಲಿ ಕಳೆದುಹೋದ ದೃಶ್ಯಗಳು

ವೇಲ್ ಅವರೇ ನಿರ್ದೇಶಿಸಿದ 1935ರ ಉತ್ತರಭಾಗ ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್ ಚಿತ್ರವನ್ನೂ ಬಿಡುಗಡೆಗೆ ಮುನ್ನ ಗಣನೀಯವಾಗಿ ಮೊಟಕುಗೊಳಿಸಿ ಸುಮಾರು 75 ನಿಮಿಷಗಳಿಗೆ ಇಳಿಸಲಾಯಿತು. ಕಾರ್ಲ್ ಎಂಬವನು ತನ್ನ ಬಂಧುವನ್ನು ಕೊಂದು ಅಪರಾಧವನ್ನು ಜೀವಿಯ ಮೇಲೆ ಹೊರಿಸುವ ಉಪಕಥೆ ಆಗ ಹೊರಬಿದ್ದಿತು. ಆ ದೃಶ್ಯಗಳು ಈವರೆಗೆ ಪತ್ತೆಯಾಗಿಲ್ಲ.