90 ಲಕ್ಷ ಮಾಟಗಾತಿಯರು: ಒಂದು ನಂಬರ್, ಒಂದು ಹೊಸ ಧರ್ಮ

ಇವತ್ತಿನ ಎಪಿಸೋಡ್ ಒಂದು ನಂಬರ್‌ನಿಂದ ಶುರು ಮಾಡೋಣ. 90 ಲಕ್ಷ.

ಯುರೋಪಿನಲ್ಲಿ ಮಾಟಗಾತಿಯರು ಅಂತ ಹೇಳಿ 90 ಲಕ್ಷ ಹೆಂಗಸರನ್ನ ಸುಟ್ಟುಹಾಕಿದ್ರು, ಅವರೆಲ್ಲ ಕ್ರೈಸ್ತ ಧರ್ಮಕ್ಕಿಂತ ಮುಂಚೆ ಇದ್ದ ಪ್ರಕೃತಿ ಪೂಜೆಯನ್ನ ಗುಟ್ಟಾಗಿ ಉಳಿಸಿಕೊಂಡು ಬಂದವರು ಅನ್ನೋ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಕಥೆ ಚೆನ್ನಾಗಿದೆ. ಲೆಕ್ಕ ಸರಿ ಇದೆಯಾ ಅಂತ ನೋಡೋಣ.

ಮೊದಲು ಆ ನಂಬರ್. 1784ರಲ್ಲಿ ಜರ್ಮನಿಯ ಕ್ವೆಡ್ಲಿನ್‌ಬರ್ಗ್ ಊರಿನ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಫೋಕ್ಟ್ ಅನ್ನೋರು ತಮ್ಮ ಊರಿನ ಹಳೇ ಕಡತಗಳಲ್ಲಿ ಸಿಕ್ಕ ಮಾಟದ ಕೇಸುಗಳನ್ನ ಎಣಿಸಿದ್ರು. ಬೆರಳೆಣಿಕೆಯಷ್ಟು ವರ್ಷಗಳ ಆ ಲೆಕ್ಕವನ್ನ ಇಡೀ ಯುರೋಪಿಗೆ, ನೂರಾರು ವರ್ಷಗಳಿಗೆ ಹಿಗ್ಗಿಸಿದ್ರು. ಉತ್ತರ ಬಂದದ್ದು 94,42,994. ಬಿ.ಕಾಂ. ಮಾಡಿದವರಿಗೆ ಇದು ಬೇಗ ಅರ್ಥ ಆಗುತ್ತೆ: ಒಂದು ಬಟ್ಟೆ ಅಂಗಡಿಯ ದೀಪಾವಳಿ ವಾರದ ವ್ಯಾಪಾರ ನೋಡಿ, ರಾಜ್ಯದ ಎಲ್ಲ ಅಂಗಡಿಗಳ ವರ್ಷದ ಟರ್ನೋವರ್ ಬರೆದ ಹಾಗೆ. ಕೊನೆಯ 994 ನೋಡಿದ್ರೆ ಎಷ್ಟು ಕರಾರುವಾಕ್ಕು ಅನ್ನಿಸುತ್ತೆ ಅಲ್ವಾ?

ಇವತ್ತು ಕೋರ್ಟ್ ದಾಖಲೆಗಳನ್ನ ಊರೂರಿಗೆ ಹೋಗಿ ಓದಿದ ಇತಿಹಾಸಕಾರರು ಕೊಡೋ ಅಂದಾಜು 40,000ದಿಂದ 60,000. ಅಷ್ಟೂ ಜನ ಸುಮಾರು 300 ವರ್ಷಗಳಲ್ಲಿ ಸತ್ತವರು. ಹೆಚ್ಚಿನವರು ಹೆಂಗಸರೇ, ಆದ್ರೆ ಐಸ್‌ಲ್ಯಾಂಡ್‌ನಲ್ಲಿ ಸತ್ತವರು ಬಹುತೇಕ ಗಂಡಸರು. ಇಂಗ್ಲೆಂಡ್‌ನಲ್ಲಂತೂ ಮಾಟಕ್ಕೆ ಶಿಕ್ಷೆ ಬೆಂಕಿ ಅಲ್ಲ, ನೇಣು. ಸೊನ್ನೆಗಳು ಕಮ್ಮಿಯಾದವು ಅಂತ ಪಾಪ ಏನೂ ಕಮ್ಮಿಯಾಗಲ್ಲ. 40,000 ಅಂದ್ರೆ ಒಂದು ಪಟ್ಟಣ.

ಸರಿ, ಆ ಜನ ಯಾರು? 1612ರಲ್ಲಿ ಇಂಗ್ಲೆಂಡಿನ ಪೆಂಡಲ್ ಅನ್ನೋ ಬೆಟ್ಟದ ಸೀಮೆಯಲ್ಲಿ ನಡೆದದ್ದು ಕೇಳಿ. ಅಲಿಝಾನ್ ಡಿವೈಸ್ ಅನ್ನೋ ಬಡ ಹುಡುಗಿ ದಾರಿಯಲ್ಲಿ ಸಿಕ್ಕ ವ್ಯಾಪಾರಿಯ ಹತ್ತಿರ ಗುಂಡುಪಿನ್ ಕೇಳಿದಳು. ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಕುಸಿದು ಬಿದ್ದ. ಇವತ್ತಿನ ಡಾಕ್ಟರ್ ಆದ್ರೆ ಸ್ಟ್ರೋಕ್ ಅಂತಾರೆ. ಅವತ್ತಿನ ಊರು ಮಾಟ ಅಂದಿತು. ಹುಡುಗಿಯೂ ಹೆದರಿ ಹೌದು ಅಂದುಬಿಟ್ಟಳು. ಅಲ್ಲಿಂದ ಕೇಸು ಬೆಳೆಯಿತು. ಅಲಿಝಾನ್‌ಳ ತಂಗಿ ಜೆನೆಟ್, ಸುಮಾರು 9 ವರ್ಷದ ಮಗು, ಕೋರ್ಟಿನಲ್ಲಿ ನಿಂತು ತನ್ನ ಸ್ವಂತ ತಾಯಿಯ ವಿರುದ್ಧ ಸಾಕ್ಷಿ ಹೇಳಿದಳು. ಆ ವರ್ಷ ಆಗಸ್ಟ್ 20ಕ್ಕೆ ಲ್ಯಾಂಕಾಸ್ಟರ್‌ನಲ್ಲಿ 10 ಜನರನ್ನ ನೇಣಿಗೆ ಹಾಕಿದ್ರು. ಜೆನೆಟ್‌ಳ ತಾಯಿ, ಅಕ್ಕ, ಅಣ್ಣ, ಮೂವರೂ ಅದರಲ್ಲಿದ್ದರು.

ಕೋರ್ಟಿನ ಗುಮಾಸ್ತ ಥಾಮಸ್ ಪಾಟ್ಸ್ ಈ ವಿಚಾರಣೆಯನ್ನ 1613ರಲ್ಲಿ ಪುಸ್ತಕ ಮಾಡಿದ. ಅವರು ಹೇಳ್ತಿದ್ದ ಮಂತ್ರಗಳೂ ಅದರಲ್ಲಿವೆ. ಅಲ್ಲಿ ಬರೋದು ಯಾವ ಹಳೇ ದೇವತೆಯೂ ಅಲ್ಲ. ಯೇಸು ಬರ್ತಾನೆ, ಗುಡ್ ಫ್ರೈಡೇ ಬರುತ್ತೆ. ಅಂದ್ರೆ ಅವು ಹಳೇ ಕ್ಯಾಥೊಲಿಕ್ ಪ್ರಾರ್ಥನೆಗಳ ಚೂರುಗಳು.

ಇದೇ ಆ ಕಾಲದ ಜನಪದ ಮಾಂತ್ರಿಕತೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ "ಕನಿಂಗ್ ಫೋಕ್" ಅಂತ ಇರ್ತಿದ್ರು. ಕಳೆದುಹೋದ ಸಾಮಾನು ಎಲ್ಲಿದೆ ಅಂತ ಹೇಳೋರು, ದನಕ್ಕೆ ಕಾಯಿಲೆ ಬಂದ್ರೆ ಮಂತ್ರಿಸೋರು, ಯಾರೋ ಮಾಡಿಸಿದ ಮಾಟ ತೆಗೆಯೋರು. ದುಡ್ಡು ತಗೊಂಡೇ ಮಾಡ್ತಿದ್ರು. ಸಾಧಾರಣವಾಗಿ ಭಾನುವಾರ ಚರ್ಚಿಗೂ ಹೋಗ್ತಿದ್ರು. ಜನ ತಾವೇ ಮಾಡ್ಕೊಳ್ತಿದ್ದ ರಕ್ಷಣೆಗಳೂ ಇದ್ದವು. ಗೋಡೆಯೊಳಗೆ, ಚಿಮಣಿಯ ಸಂದಿಯಲ್ಲಿ ಹಳೇ ಬೂಟು ಬಚ್ಚಿಡೋದು. ನಾರ್ಥಾಂಪ್ಟನ್ ಮ್ಯೂಸಿಯಂ ಇಂಥ ಬೂಟುಗಳ ದೊಡ್ಡ ಪಟ್ಟಿಯನ್ನೇ ಇಟ್ಟಿದೆ. ಇನ್ನೊಂದು, ಮಾಟದ ಬಾಟಲಿ. 2004ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ 17ನೇ ಶತಮಾನದ ಒಂದು ಬಾಟಲಿ ಬಿರಡೆ ಸಮೇತ ಸಿಕ್ಕಿತು. ಲ್ಯಾಬಿನಲ್ಲಿ ತೆರೆದು ನೋಡಿದ್ರೆ ಒಳಗೆ ಮೂತ್ರ, ಕಬ್ಬಿಣದ ಮೊಳೆ, ಪಿನ್ನು, ಕೂದಲು, ಕತ್ತರಿಸಿದ ಉಗುರು. ಮಾಟ ಮಾಡಿದವರಿಗೇ ಅದನ್ನ ತಿರುಗಿಸೋ ಉಪಾಯ. ಆ ಮೂತ್ರದಲ್ಲಿ ನಿಕೋಟಿನ್ ಅಂಶ ಕೂಡ ಇತ್ತು. ಪಾಪ, ಯಾರೋ ತಂಬಾಕು ಸೇದ್ತಿದ್ದ ಮನುಷ್ಯ, ಯಾವುದಕ್ಕೋ ಹೆದರಿದ್ದ.

ಹಾಗಾದ್ರೆ "ಗುಪ್ತ ಹಳೇ ಧರ್ಮ" ಅನ್ನೋ ಕಥೆ ಬಂದದ್ದೆಲ್ಲಿಂದ? ಇದನ್ನ ಜನಪ್ರಿಯ ಮಾಡಿದವರು ಮಾರ್ಗರೆಟ್ ಮರ್ರಿ. ಹುಟ್ಟಿದ್ದು 1863ರಲ್ಲಿ, ನಮ್ಮ ಕಲ್ಕತ್ತದಲ್ಲೇ! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈಜಿಪ್ಟ್ ಇತಿಹಾಸದ ಒಳ್ಳೇ ವಿದ್ವಾಂಸೆ. 1921ರಲ್ಲಿ ಬರೆದ ಪುಸ್ತಕದಲ್ಲಿ, ಮಾಟಗಾತಿಯರು ಅಂತ ಸತ್ತವರು ನಿಜವಾಗಿ ಒಂದು ಪುರಾತನ ಧರ್ಮದವರು ಅಂತ ವಾದಿಸಿದ್ರು. ಸಮಸ್ಯೆ ಏನಂದ್ರೆ, ಅವರ ಮುಖ್ಯ ಆಧಾರ ತಪ್ಪೊಪ್ಪಿಗೆಗಳು. ಹಿಂಸೆಗೋ ಭಯಕ್ಕೋ ಒಪ್ಪಿಕೊಂಡವರ ಮಾತಿನಲ್ಲಿ ಹಾರಾಟದಂಥ ಅಸಾಧ್ಯ ಸಂಗತಿಗಳನ್ನ ಬಿಟ್ಟು, ನಂಬೋ ಹಾಗಿರೋದನ್ನ ಮಾತ್ರ ಆರಿಸಿದ್ರು. ಆ ವಿಷಯದ ತಜ್ಞರು ಒಪ್ಪಲಿಲ್ಲ. ಆದ್ರೆ 1929ರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾಗೆ ಮಾಟದ ಬಗ್ಗೆ ಬರೆದವರೂ ಅವರೇ. ದಶಕಗಟ್ಟಲೆ ಜನ ಅದನ್ನೇ ಸತ್ಯ ಅಂತ ಓದಿದ್ರು.

ಇನ್ನು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಹುಟ್ಟಿದ ಆಸ್ತಮಾ ರೋಗಿ. ಸಿಲೋನಿನ ಟೀ ತೋಟ, ಮಲಯದ ರಬ್ಬರ್ ತೋಟ, ಆಮೇಲೆ ಕಸ್ಟಮ್ಸ್ ಕೆಲಸ. ರಿಟೈರ್ ಆಗಿ ಇಂಗ್ಲೆಂಡಿಗೆ ವಾಪಸ್ ಬಂದ ಮೇಲೆ, 1939ರಲ್ಲಿ ನ್ಯೂ ಫಾರೆಸ್ಟ್‌ನ ಮಾಟಗಾತಿಯರ ಒಂದು ಗುಂಪು ತನಗೆ ದೀಕ್ಷೆ ಕೊಟ್ಟಿತು ಅಂತ ಹೇಳ್ಕೊಂಡರು. 1735ರ ಮಾಟದ ಕಾಯ್ದೆ 1951ರಲ್ಲಿ ರದ್ದಾಯ್ತು. 1954ಕ್ಕೆ ಅವರ ಪುಸ್ತಕ ಬಂತು, ಮುನ್ನುಡಿ ಬರೆದವರು ಅದೇ ಮಾರ್ಗರೆಟ್ ಮರ್ರಿ. ಇವತ್ತು ನಾವು ವಿಕ್ಕಾ ಅನ್ನೋ ಧರ್ಮ ಬೆಳಕಿಗೆ ಬಂದದ್ದು ಹೀಗೆ.

ಒಳಗಿನ ಸರಕು ಎಲ್ಲಿಯದು? 1953ರಲ್ಲಿ ದೀಕ್ಷೆ ತಗೊಂಡ ಡೋರೀನ್ ವ್ಯಾಲಿಯೆಂಟೆ ಗಾರ್ಡ್ನರ್ ಕೊಟ್ಟ ಮಂತ್ರಗಳನ್ನ ಓದುವಾಗ, ಅಲ್ಲಲ್ಲಿ ಅಲೀಸ್ಟರ್ ಕ್ರೌಲಿಯ ಬರಹವನ್ನ ಗುರುತಿಸಿದಳು. ಕ್ರೌಲಿ ತೀರಿಕೊಂಡದ್ದೇ 1947ರಲ್ಲಿ! ಅವಳು ಜಗಳ ಆಡಿ ಹೊರಟುಹೋಗಲಿಲ್ಲ. ಕೂತು, ಆ ಭಾಗಗಳನ್ನ ತೆಗೆದು, ತಾನೇ ಹೊಸದಾಗಿ ಬರೆದಳು. ಇವತ್ತಿಗೂ ವಿಕ್ಕಾದವರು ಓದೋದು ಅವಳ ಸಾಲುಗಳನ್ನೇ. ವರ್ಷದ 8 ಹಬ್ಬಗಳ ಚಕ್ರವೂ ಅಷ್ಟೇ. ಒಂದೊಂದು ಹಬ್ಬಕ್ಕೂ ಹಳೇ ಬೇರು ಇರಬಹುದು, ಎಂಟನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು 1950ರ ದಶಕದಲ್ಲಿ.

ಹಾಗಂತ ಇದು ಮೋಸ ಅಂತೀರಾ? ನಾನು ಹಾಗೆ ಅನ್ನಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ಧರ್ಮದ ಕಾಲಂನಲ್ಲಿ ಪೇಗನ್ ಅಂತ ಬರೆದ್ರು, 13,000 ಜನ ವಿಕ್ಕಾ ಅಂದ್ರು. 1999ರಲ್ಲಿ ಇತಿಹಾಸಕಾರ ರೊನಾಲ್ಡ್ ಹಟನ್ ಈ ಧರ್ಮದ ಹೊಸತನವನ್ನ ದಾಖಲೆ ಸಮೇತ ತೋರಿಸಿದಾಗ ಬೇಜಾರಾದವರಿದ್ರು, ಆದ್ರೆ ಎಷ್ಟೋ ಪೇಗನ್ನರು ಅದನ್ನ ಒಪ್ಪಿಕೊಂಡೇ ಪೂಜೆ ಮುಂದುವರಿಸಿದ್ರು. ಹುಣ್ಣಿಮೆ ರಾತ್ರಿ ದೀಪ ಹಚ್ಚಿ ಕೂತವರಿಗೆ ಸಿಗೋ ನೆಮ್ಮದಿಗೆ ವಯಸ್ಸಿನ ಸರ್ಟಿಫಿಕೇಟ್ ಬೇಕಿಲ್ಲ.

ಆದ್ರೆ ಸತ್ತವರ ವಿಷಯ ಬೇರೆ. ಪೆಂಡಲ್‌ನ ಆಲಿಸ್ ನಟರ್ ಕೊನೆವರೆಗೂ ತಪ್ಪು ಒಪ್ಪಿಕೊಳ್ಳಲೇ ಇಲ್ಲ. ತಾನು ಮಾಟಗಾತಿ ಅಲ್ಲ ಅನ್ನೋ ಮಾತಿಗೆ ಅಂಟಿಕೊಂಡೇ ನೇಣಿಗೆ ಹೋದವಳು. ಅಂಥವಳನ್ನ 400 ವರ್ಷ ಆದ ಮೇಲೆ ನಾವು ಪ್ರೀತಿಯಿಂದಲೇ "ಮಹಾ ಮಾಟಗಾತಿ" ಅಂತ ಕರೆದ್ರೆ, ಅವಳ ವಿರುದ್ಧ ತೀರ್ಪು ಕೊಟ್ಟ ಕೋರ್ಟಿನ ಮಾತನ್ನೇ ನಾವೂ ಹೇಳಿದ ಹಾಗಾಯ್ತು.

ಮುಂದಿನ ಸಲ ಆ ರೀಲ್ ಬಂದಾಗ ಫಾರ್ವರ್ಡ್ ಮಾಡೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ.