ಹಬ್ಬ ಜೋರಾ?

ಹಬ್ಬದ ದಿನ ಎದುರಾದವರನ್ನು ವಿಚಾರಿಸಿಕೊಳ್ಳುವುದು ಕನ್ನಡಿಗರ ಹಳೆಯ ರೂಢಿ. "ಹಬ್ಬ ಜೋರಾ?" ಎನ್ನುವುದು ಬೆಂಗಳೂರು, ಮೈಸೂರು ಕಡೆಯ ಮಾತು. "ಏನ್ರೀ, ಹಬ್ಬಕ್ಕ ಏನೇನ್ ಮಾಡೀರಿ?" ಎನ್ನುವುದು ಧಾರವಾಡ, ವಿಜಯಪುರದ್ದು. ಯುಗಾದಿಗೆ ಹೋಳಿಗೆ ತಟ್ಟಿದ ಮನೆಗೂ, ರಂಜಾನಿಗೆ ಸುರಕುಂಬಾ ಕಾಸಿದ ಮನೆಗೂ, ಕ್ರಿಸ್‌ಮಸ್ಸಿಗೆ ನಕ್ಷತ್ರ ತೂಗುಹಾಕಿದ ಮನೆಗೂ ಪ್ರಶ್ನೆ ಒಂದೇ. "ಹಾರ್ದಿಕ ಶುಭಾಶಯಗಳು" ಎನ್ನುವುದು ಕಾರ್ಡು, ಫ್ಲೆಕ್ಸು, ಈಗ ವಾಟ್ಸ್‌ಆ್ಯಪ್‌ನ ಕನ್ನಡ. ಎದುರು ನಿಂತಾಗ ಅದನ್ನು ಪೂರ್ತಿಯಾಗಿ ಬಾಯಲ್ಲಿ ಹೇಳುವವರು ಕಡಿಮೆ. ಬೇರೆ ಧರ್ಮದ ಗೆಳೆಯರಿಗೆ, ನೆರೆಯವರಿಗೆ ಯಾವ ದಿನ ಏನು ಹೇಳಬೇಕೆಂದು ತಡವರಿಸುವವರಿಗೆ ನನ್ನದೊಂದು ಸಲಹೆ: ಶುಭಾಶಯ ಹುಡುಕುವ ಮೊದಲು ಹಬ್ಬ ಎಂಬ ಪದವನ್ನು ನಂಬಿ. ಈ ನಾಡಿನಲ್ಲಿ ಅದು ಹೊಗದ ಮನೆಯಿಲ್ಲ.

ಸಂಸ್ಕೃತದ ಪರ್ವ ಪ್ರಾಕೃತದ ದಾರಿಯಲ್ಲಿ ಪಬ್ಬವಾಗಿ, ಪಾಲು ಹಾಲಾದ ಹಾಗೆ ಕನ್ನಡದ ನಾಲಗೆಯಲ್ಲಿ ಹಬ್ಬವಾಯಿತು. ತುಳುವರು ಇವತ್ತಿಗೂ ಪರ್ಬ ಎನ್ನುತ್ತಾರೆ. ಬರಿದೇ ಪರ್ಬ ಎಂದರೆ ಅವರಿಗೆ ದೀಪಾವಳಿ. ಭಾದ್ರಪದದಲ್ಲಿ ದಿಗಂಬರ ಜೈನರು ಆಚರಿಸುವ ಹತ್ತು ದಿನಗಳಿಗೆ ದಶಲಕ್ಷಣ ಪರ್ವ ಎಂದು ಹೆಸರು. ಬೀದರಿನ ನಾನಕ್ ಝೀರಾದಲ್ಲಿ ಸಿಖ್ಖರು ಸೇರುವ ಗುರುಪುರಬ್‌ನ ಪುರಬ್ ಕೂಡ ಇದೇ ಬೇರಿನ ಕುಡಿ. ಪರ್ವ ಎಂದರೆ ಮೂಲದಲ್ಲಿ ಗಿಣ್ಣು, ಸಂದು. ಮಹಾಭಾರತದ 18 ಪರ್ವಗಳು ಆ ಕಥೆಯ ಗಿಣ್ಣುಗಳು. ವರ್ಷವೂ ಕಬ್ಬಿನ ಹಾಗೆ ಗಿಣ್ಣಿನಿಂದ ಗಿಣ್ಣಿಗೆ ಬೆಳೆಯುತ್ತದೆ. ಗಿಣ್ಣಿನಲ್ಲಿ ರಸ ಕಡಿಮೆ, ಗಟ್ಟಿತನ ಹೆಚ್ಚು. ಹೊಸ ಕುಡಿ ಒಡೆಯುವುದು ಮಾತ್ರ ಅಲ್ಲಿಂದಲೇ. ಹಬ್ಬವೆಂದ ಮೇಲೆ ಸಂತೋಷ ಇರಲೇಬೇಕೆಂಬ ಕರಾರು ಈ ಪದದೊಳಗೆ ಮೊದಲಿನಿಂದ ಇಲ್ಲ.

ಮೊಹರಂ ನೋಡಿ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಮತ್ತು ಅವರ ಜತೆಗಾರರು ಕೊಲೆಯಾದ ನೆನಪಿನ ದಿನಗಳು ಅವು. ಆದರೂ ಕನ್ನಡ ನಾಡು ಅದನ್ನು ಹಬ್ಬವೆಂದೇ ಕರೆಯಿತು. ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಪೀರಲ ಹಬ್ಬ, ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ. ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳಲ್ಲಿ ಸಹ ದೇವರೆಂದು ಪಂಜಾ ಕೂಡಿಸುತ್ತಾರೆ, ಬೆಂಕಿಗೆಂದು ಅಲಾಯಿ ಕುಣಿ ತೋಡುತ್ತಾರೆ, ಹೆಜ್ಜೆಮೇಳ ಕಟ್ಟುತ್ತಾರೆ. ರಾಯಚೂರು ಸೀಮೆಯ ಮುದಗಲ್ಲಿಗಂತೂ ಜನ ದೂರದೂರದಿಂದ ಬರುತ್ತಾರೆ. ದುಡಿಯಲು ಬೆಂಗಳೂರು, ಗೋವಾ ಸೇರಿದವರು ಆ ಐದಾರು ದಿನಕ್ಕೆ ಊರು ಮುಟ್ಟುತ್ತಾರೆ. ಕರ್ಬಲಾದ ಸಂಕಟವನ್ನು ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳಿವೆ; ಹಾಡುವವರಲ್ಲಿ ಹಿಂದೂಗಳು ಬಹಳ. ಕೊಲೆ ಎಂಬ ಅರ್ಥದ ಅರಬಿ ಮಾತಿನಿಂದ ಬಂದ 'ಖತಲ್ ರಾತ್ರಿ' ಅವರ ಬಾಯಲ್ಲಿ 'ಕತ್ತಲ ರಾತ್ರಿ'ಯಾಗಿದೆ, ಶೋಕ ಹಾಗೇ ಉಳಿದಿದೆ. ಮನೆಯಲ್ಲಿ ಚೋಂಗ್ಯಾ ಎಂಬ ಸಿಹಿ ಮಾಡಿ ದೇವರಿಗೆ ಎಡೆ ಕೊಡುವ ತಾಯಿ, ಕೊನೆಯ ದಿನ ದೇವರು ಹೊಳೆಗೆ ಹೋಗುವಾಗ ಕಣ್ಣೀರು ಹಾಕುತ್ತಾಳೆ. ಅವಳಿಗೆ ಎರಡೂ ಹಬ್ಬದ ಕೆಲಸವೇ.

ಹೀಗಿರುವಾಗ "ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು" ಎಂಬ ಫ್ಲೆಕ್ಸ್ ಕಂಡರೆ ನನಗೆ ನೋವಾಗುತ್ತದೆ. ಅಲ್ಲಿ ಹಬ್ಬ ಎಂಬ ಪದ ಸರಿಯಾಗಿಯೇ ಕೂತಿದೆ, ಶುಭಾಶಯ ತಪ್ಪಿದೆ. ಆ ದಿನ ಊರಲ್ಲಿ ಜನ ಆಡುವ ಮಾತೇ ಬೇರೆ: "ದೇವರ ದರ್ಶನ ಆತೇನು?" "ಹಬ್ಬಕ್ಕ ಊರಿಗೆ ಯಾವಾಗ ಬಂದಿ?" ಅಷ್ಟು ಕೇಳಿದರೆ ಸಾಕು, ಎದುರಿನವರ ದುಃಖದ ಜೊತೆ ನಿಂತ ಹಾಗಾಗುತ್ತದೆ. ಶುಭ ಶುಕ್ರವಾರದ್ದೂ ಇದೇ ಕಷ್ಟ. ಹೆಸರಿನಲ್ಲೇ ಶುಭ ಇರುವುದರಿಂದ ಬೆಳಿಗ್ಗೆಯೇ ಶುಭಾಶಯಗಳ ಚಿತ್ರಗಳು ಹರಿದಾಡತೊಡಗುತ್ತವೆ. ಆದರೆ ಅದು ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ. ಕಥೋಲಿಕರು ಉಪವಾಸವಿರುತ್ತಾರೆ, ಅವರ ಚರ್ಚುಗಳಲ್ಲಿ ಗಂಟೆ ಹೊಡೆಯುವುದಿಲ್ಲ. ಹಾರೈಸುವವರು ಈಸ್ಟರ್ ಭಾನುವಾರದವರೆಗೆ ಕಾಯಬೇಕು.

ಜೈನ ಗೆಳೆಯರು ದಶಲಕ್ಷಣ ಮುಗಿದ ಮೇಲೆ "ಉತ್ತಮ ಕ್ಷಮಾ" ಎಂದು ಕೈ ಮುಗಿಯುತ್ತಾರೆ. ತಿಳಿದೋ ತಿಳಿಯದೆಯೋ ವರ್ಷದಲ್ಲಿ ಆದ ತಪ್ಪಿಗೆ ಅದು ಕ್ಷಮೆ ಕೇಳುವ ಪರಿ. ಅದಕ್ಕೆ "ಥ್ಯಾಂಕ್ಯೂ, ನಿಮಗೂ ಶುಭಾಶಯ" ಎಂದುಬಿಟ್ಟರೆ ಅವರು ಮುಂದೆ ಮಾಡಿದ ಮನಸ್ಸು ಹಾಗೇ ಉಳಿದುಹೋಗುತ್ತದೆ. ಅವರನ್ನು ಕ್ಷಮಿಸಿ, ನಾವೂ ಕ್ಷಮೆ ಕೇಳಬೇಕು.

ಹಾಗಾದರೆ ಈದ್ ದಿನ "ಈದ್ ಮುಬಾರಕ್" ಎನ್ನಲೋ, ಕನ್ನಡದಲ್ಲೇ ಹೇಳಲೋ ಎಂದು ಕೇಳುವವರುಂಟು. ಎರಡೂ ಸರಿ. ಮುಬಾರಕ್ ನಮಗೆ ಹೊರಗಿನದೂ ಅಲ್ಲ. "ಅವನ ಕೈಯಾಗ ದುಡ್ಡಿಗೆ ಬರಕತ್ತಿಲ್ಲ" ಎಂದು ನಮ್ಮ ಹಿರಿಯರು ಹೇಳುವಾಗಿನ ಬರಕತ್ತು ಮತ್ತು ಈ ಮುಬಾರಕ್ ಒಂದೇ ಅರಬಿ ಧಾತುವಿನಿಂದ ಹುಟ್ಟಿದ ಪದಗಳು. ದಕ್ಷಿಣ ಕನ್ನಡದ ಕಥೋಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೇ ಹೊಸ ಭತ್ತದ ತೆನೆ ಮನೆ ತುಂಬುವ ದಿನ. ಸಸ್ಯಾಹಾರದ ಊಟ ಅಂದಿನ ವಿಶೇಷ. ಪೋರ್ಚುಗೀಸರ ಫೆಸ್ತ್ ಅಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೋ 'ತೆನೆ ಹಬ್ಬ'ವೂ ಅಷ್ಟೇ ಸಲೀಸು.

ನಮ್ಮ ಮಣ್ಣಿನ ಹಾರೈಕೆಗಳಲ್ಲಿ ನನಗೆ ಬಲು ಪ್ರಿಯವಾದದ್ದು ದಸರೆಗೆ ಬನ್ನಿ ಕೊಡುವಾಗ ಉತ್ತರ ಕರ್ನಾಟಕದವರು ಹೇಳುವುದು: "ಬನ್ನಿ ತಗೊಂಡು ಬಂಗಾರದಂಗ ಇರೋಣ." ನೀವು ಚೆನ್ನಾಗಿರಿ ಎಂದು ದೂರದಿಂದ ಹರಸುವ ಬದಲು ಕೊಟ್ಟವರೂ ತಗೊಂಡವರೂ ಒಂದೇ 'ಇರೋಣ'ದೊಳಗೆ ಸೇರುತ್ತಾರೆ. ಅಂಗಡಿಯ ಸಾಬರಿಗೂ, ಓಣಿಯ ಗೌಡರಿಗೂ, ಜಗಳವಾಡಿ ಮಾತು ಬಿಟ್ಟ ದಾಯಾದಿಗೂ ಅದೇ ಎಲೆ, ಅದೇ ಮಾತು. ಸಂಕ್ರಾಂತಿಯ ಎಳ್ಳುಬೆಲ್ಲದ ಮಾತೂ ಇದೇ ಜಾತಿಯದು.

ಇನ್ನು ದಿನ ಗೊತ್ತುಮಾಡಿಕೊಳ್ಳುವ ಸಂಗತಿ. ಯುಗಾದಿಯೂ ಚಂದ್ರನ ಲೆಕ್ಕದ್ದೇ, ಆದರೆ ಅಧಿಕ ಮಾಸ ಸೇರಿಸಿ ಅದನ್ನು ವಸಂತಕ್ಕೆ ಕಟ್ಟಿದ್ದೇವೆ. ಇಸ್ಲಾಮಿ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ಸುಮಾರು 354 ದಿನದ ವರ್ಷವಾದ್ದರಿಂದ ರಂಜಾನ್ ಪ್ರತಿಸಲ ಹತ್ತು ಹನ್ನೊಂದು ದಿನ ಮುಂಚೆ ಬರುತ್ತ, ಮೂವತ್ಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂದರೆ ಈದ್ ಕರಾವಳಿಯಲ್ಲಿ 10ಕ್ಕೆ, ಉಳಿದ ಕಡೆ 11ಕ್ಕೆ ಆಯಿತು. 2025ರಲ್ಲಿ ಮಾರ್ಚ್ 30 ಯುಗಾದಿ, ಮರುದಿನವೇ ಈದ್. ಚಂದ್ರ ಎಲ್ಲಿ ಯಾವಾಗ ಕಂಡ ಎಂಬುದರ ಮೇಲೆ ದಿನ ನಿಲ್ಲುವುದರಿಂದ "ನಿಮ್ಮಲ್ಲಿ ಹಬ್ಬ ಯಾವತ್ತು?" ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೇಳಿದವರ ಮೇಲೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. 2030ರಲ್ಲಿ ರಂಜಾನ್ ಉಪವಾಸ ಒಂದೇ ವರ್ಷದಲ್ಲಿ ಎರಡು ಸಲ ಶುರುವಾಗಲಿದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಮಂಗಳೂರಿನಲ್ಲಿ ಕ್ರಿಸ್‌ಮಸ್ ಕುಸ್ವಾರ್ ತಿಂಡಿ ಹಂಚುವವರು ಆ ವರ್ಷ ನೆರೆಮನೆಯ ಬ್ಯಾರಿ ಮುಸ್ಲಿಮರಿಗೆ ತಟ್ಟೆಯನ್ನು ಒಂದೆರಡು ದಿನ ಮೊದಲೇ ಕೊಟ್ಟುಬಿಡಬೇಕು. ತಡವಾದರೆ ಇಫ್ತಾರ್ ಹೊತ್ತಿಗೆ ಕಳಿಸಲಿ.